ಮಾತ್ರೆ ಒಂದು ದಿನನೂ ತಪ್ಪಿಸಿಲ್ಲ, ಆದ್ರೂ ಫಂಗಸ್ ಯಾಕೆ ಬಗ್ತಿಲ್ಲ?

ಪ್ರಶ್ನೆ: ಅಪ್ಪನಿಗೆ ಟಿಬಿ ವಾಸಿಯಾಗಿ ನಾಲ್ಕು ವರ್ಷ ಆಯ್ತು. ಈಗ ಕಫದಲ್ಲಿ ರಕ್ತ ಬಂತು ಅಂತ ಸ್ಕ್ಯಾನ್ ಮಾಡಿಸಿದ್ರೆ ಶ್ವಾಸಕೋಶದಲ್ಲಿ ಫಂಗಸ್ ಅಂದ್ರು. ಇಟ್ರಾಕೊನಜೋಲ್ ಅನ್ನೋ ಫಂಗಸ್ ಮಾತ್ರೆ ಸರಿಯಾಗೇ ತಗೋತಿದಾರೆ, ಆದ್ರೂ ರೆಸಿಸ್ಟೆನ್ಸ್ (ಅಂದ್ರೆ ಔಷಧಿಗೆ ಫಂಗಸ್ ಬಗ್ಗದೇ ಇರೋದು) ಇರಬಹುದು ಅಂತಾರೆ ಡಾಕ್ಟ್ರು. ಹೇಗೆ ಸಾಧ್ಯ?

ಸಾಧ್ಯ ಇದೆ, ಅದರಲ್ಲಿ ನಿಮ್ಮ ಅಪ್ಪನ ತಪ್ಪು ಒಂಚೂರೂ ಇಲ್ದೇ ಇರಬಹುದು.

ಟಿಬಿ ಹೋದ್ರೂ ಅದು ತಿಂದ ಜಾಗದಲ್ಲಿ ಎಷ್ಟೋ ಸಲ ಮರದ ಪೊಟರೆ ಥರ ಟೊಳ್ಳು ಉಳಿದುಬಿಡುತ್ತೆ, ಅದರೊಳಗೆ ಆಸ್ಪರ್ಜಿಲಸ್ ಅನ್ನೋ ಬೂಷ್ಟು ಕೂತು ಬೆಳೆಯಬಹುದು, ಕೆಲವರಲ್ಲಿ ಉಂಡೆನೇ ಕಟ್ಟುತ್ತೆ. ಇದರ ಬೀಜದಂಥ ಕಣ ಬರೀ 2–3 ಮೈಕ್ರಾನ್, ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲಿ ಎರಡು-ಮೂರು ಪಾಲು. ಹಳೇ ತಿಪ್ಪೆ ಕೆದಕಿದಾಗ ಹೊಗೆ ಥರ ಬೂದು ಧೂಳು ಏಳುತ್ತಲ್ಲ, ಅದರಲ್ಲಿ ಲೆಕ್ಕವಿಲ್ಲದಷ್ಟು ಇರುತ್ತೆ.

ಈಗ ಅಸಲಿ ವಿಷ್ಯ. ಭತ್ತಕ್ಕೆ, ದ್ರಾಕ್ಷಿಗೆ, ಮೆಣಸಿನ ಗಿಡಕ್ಕೆ ಬೂಷ್ಟು ರೋಗಕ್ಕೆ ಅಂತ ಹೊಡೆಯೋ ಟೆಬುಕೊನಜೋಲ್, ಪ್ರೊಪಿಕೊನಜೋಲ್ ಎಲ್ಲಾ ಅಪ್ಪನ ಮಾತ್ರೆಯ ದಾಯಾದಿಗಳೇ. (ಅಡಿಕೆಗೆ ಹೊಡೆಯೋ ಬೋರ್ಡೋ ಬೇರೆ, ಅದು ಮೈಲುತುತ್ತ ಮತ್ತೆ ಸುಣ್ಣ.) ಮಣ್ಣಲ್ಲಿ, ಗೊಬ್ಬರದಲ್ಲಿ ಇರೋ ಆಸ್ಪರ್ಜಿಲಸ್‌ಗೂ ಆ ಔಷಧಿ ತಾಗುತ್ತೆ, ಸಾಯೋದು ಸಾಯುತ್ತೆ, ಔಷಧಿ ಹೋಗಿ ಹಿಡ್ಕೊಳ್ಳೋ ಜಾಗದ ಆಕಾರನೇ ಬದಲಾಗಿರೋವು ಉಳ್ಕೊಂಡು ಗಾಳಿಗೆ ಸೇರುತ್ತೆ. ಅಂದ್ರೆ ಮಾತ್ರೆ ಶುರು ಮಾಡೋ ಮುಂಚೆನೇ ರೆಸಿಸ್ಟೆನ್ಸ್ ಇರೋ ಫಂಗಸ್ ಉಸಿರಲ್ಲಿ ಒಳಗೆ ಹೋಗಿರಬಹುದು. ನೆದರ್ಲೆಂಡ್ಸ್‌ನಲ್ಲಿ ಈ ಥರ ಮಾತ್ರೆನೇ ಮುಟ್ಟದ ರೋಗಿಗಳಲ್ಲಿ ಇದು ಸಿಕ್ಕಿತ್ತು, 2012ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನವರು ಅದೇ ಬದಲಾವಣೆ ನಮ್ಮ ದೇಶದಲ್ಲೂ ಇದೆ ಅಂತ ತೋರಿಸಿದ್ರು.

ಆದ್ರೆ ರೆಸಿಸ್ಟೆನ್ಸ್ ಅಂತ ತೀರ್ಮಾನ ಮಾಡೋ ಮುಂಚೆ ದಯವಿಟ್ಟು ಒಂದು ನೋಡಿ. ಅಪ್ಪ ಬೆಳಿಗ್ಗೆ ಖಾಲಿ ಹೊಟ್ಟೇಲಿ ಪ್ಯಾಂಟೊಪ್ರಜೋಲ್ ಗ್ಯಾಸ್ ಮಾತ್ರೆ ನುಂಗಿ ಜೊತೆಗೇ ಇಟ್ರಾಕೊನಜೋಲ್ ಕ್ಯಾಪ್ಸೂಲ್ ತಗೋತಿದಾರಾ? ಮಾಮೂಲಿ ಕ್ಯಾಪ್ಸೂಲ್ ಕರಗೋಕೆ ಹೊಟ್ಟೆಯ ಆಸಿಡ್ ಬೇಕು, ಊಟ ಬೇಕು, ಗ್ಯಾಸ್ ಮಾತ್ರೆ ಆ ಆಸಿಡ್‌ನೇ ಕಡಿಮೆ ಮಾಡುತ್ತೆ. ಯಾವುದಾದ್ರೂ ಕಾರಣಕ್ಕೆ ಟಿಬಿ ಔಷಧಿ ರಿಫಾಂಪಿಸಿನ್ ಈಗ ನಡೀತಿದ್ರೆ ಅದಂತೂ ಈ ಔಷಧಿನ ರಕ್ತದಲ್ಲಿ ನಿಲ್ಲೋಕೇ ಬಿಡಲ್ಲ. ಹಾಗಂತ ನೀವೇ ಯಾವ ಮಾತ್ರೆನೂ ನಿಲ್ಲಿಸಬೇಡಿ, ಇರೋ ಮಾತ್ರೆಗಳ್ನೆಲ್ಲ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ ಡಾಕ್ಟ್ರಿಗೆ ತೋರಿಸಿ.

ರಕ್ತದಲ್ಲಿ ಔಷಧಿ ಎಷ್ಟಿದೆ ಅನ್ನೋ ಟೆಸ್ಟ್ ಇದೆ, ಕಫದ ಕಲ್ಚರ್‌ನಲ್ಲಿ ಬೆಳೆದ ಫಂಗಸ್‌ಗೆ ಯಾವ ಔಷಧಿ ನಾಟುತ್ತೆ ಅನ್ನೋ ಟೆಸ್ಟೂ ಇದೆ, ಎರಡನ್ನೂ ಕೇಳಿ. ವೊರಿಕೊನಜೋಲ್‌ಗೆ ಬದಲಾಯಿಸ್ತೀವಿ ಅಂದ್ರೆ ಈ ಎರಡನೇ ಟೆಸ್ಟ್ ಇನ್ನೂ ಮುಖ್ಯ, ಯಾಕಂದ್ರೆ ಅದೂ ಇದೇ ಕುಟುಂಬದ್ದು, ಒಂದಕ್ಕೆ ಬಗ್ಗದ್ದು ಎಷ್ಟೋ ಸಲ ಇನ್ನೊಂದಕ್ಕೂ ಬಗ್ಗಲ್ಲ. ಆಗ ಆಂಫೊಟೆರಿಸಿನ್ ಇಂಜೆಕ್ಷನ್ ಥರ ಬೇರೆ ದಾರಿ ನೋಡ್ತಾರೆ, ಕೆಲವರಿಗೆ ಆಪರೇಷನ್.

ಕೆಮ್ಮಿದಾಗ ರಕ್ತ ಜಾಸ್ತಿ ಬಂದ್ರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ರಾತ್ರಿಯಾದ್ರೂ ಸರಿ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ. ತಿಪ್ಪೆ ಎತ್ತೋ ಕೆಲ್ಸ ಇನ್ಮೇಲೆ ಮನೇಲಿ ಬೇರೆಯವರು ಮಾಡ್ಲಿ.