ಗಾರ್ಡನ್ ಸ್ಕ್ವೇರ್‌ನಲ್ಲಿ ಟಿಪ್ಪು ವಂಶದ ಕುಡಿ

ಲಂಡನ್ನಿನ ಗಾರ್ಡನ್ ಸ್ಕ್ವೇರ್ ಉದ್ಯಾನದಲ್ಲಿ 2012ರ ನವೆಂಬರ್ 8ರಂದು ರಾಜಕುಮಾರಿ ಆ್ಯನ್ ಒಂದು ಕಂಚಿನ ಪ್ರತಿಮೆಯನ್ನು ಅನಾವರಣಗೊಳಿಸಿದರು. ಅದು ನೂರ್ ಇನಾಯತ್ ಖಾನಳದು. ಆಕೆಯ ತಂದೆ, ಸೂಫಿ ಗುರು ಇನಾಯತ್ ಖಾನರ ಅಜ್ಜಿ ಟಿಪ್ಪುವಿನ ಮೊಮ್ಮಗಳೆಂಬುದು ಆ ಮನೆತನದವರ ಮಾತು. ಶ್ರೀರಂಗಪಟ್ಟಣದ ಕೋಟೆ ಒಡೆದವರ ಊರಿನಲ್ಲೇ ಆ ವಂಶದ ಹೆಣ್ಣುಮಗಳಿಗೆ ಸ್ಮಾರಕ!

ನೂರ್ ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿ. ವೀಣೆ ನುಡಿಸುತ್ತಿದ್ದಳು, ಮಕ್ಕಳಿಗೆ ಜಾತಕ ಕಥೆಗಳನ್ನು ಬರೆಯುತ್ತಿದ್ದಳು. ಜರ್ಮನರು ಫ್ರಾನ್ಸ್ ಹಿಡಿದ ಮೇಲೆ ಇಂಗ್ಲೆಂಡಿಗೆ ಬಂದು, 1943ರ ಜೂನ್‌ನಲ್ಲಿ ಬ್ರಿಟನ್ನಿನ ಗೂಢಚಾರ ದಳದ ವೈರ್‌ಲೆಸ್ ಆಪರೇಟರ್ ಆಗಿ ಗುಟ್ಟಾಗಿ ಫ್ರಾನ್ಸಿಗೆ ಮರಳಿದಳು. ಕೆಲವೇ ದಿನಗಳಲ್ಲಿ ಜೊತೆಗಾರರ ಜಾಲವೆಲ್ಲ ಸಿಕ್ಕಿಬಿತ್ತು. ವಾಪಸು ಬಾ ಎಂದರೂ ಬರಲಿಲ್ಲ. ಟ್ರಾನ್ಸ್‌ಮಿಟರ್ ತುಂಬಿದ ಸೂಟ್‌ಕೇಸ್ ಹೊತ್ತು ಮನೆಯಿಂದ ಮನೆಗೆ ಅಲೆದಳು. ಒಮ್ಮೆ ಮರಕ್ಕೆ ಏರಿಯಲ್ ತಂತಿ ಕಟ್ಟುತ್ತಿದ್ದಾಗ, ಬಟ್ಟೆ ಒಣಹಾಕುವ ಹಗ್ಗವೆಂದುಕೊಂಡು ಜರ್ಮನ್ ಅಧಿಕಾರಿಯೊಬ್ಬ ತಾನೇ ಕಟ್ಟಿಕೊಟ್ಟನಂತೆ. ಅಕ್ಟೋಬರ್‌ನಲ್ಲಿ ಯಾರೋ ಹಣಕ್ಕಾಗಿ ಹಿಡಿದುಕೊಟ್ಟರು. ಕಳಿಸಿದ ಸಂದೇಶಗಳನ್ನೆಲ್ಲ ಆಕೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಅದು ಕೈಗೆ ಸಿಕ್ಕಿದ್ದರಿಂದ ಜರ್ಮನರು ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸುಳ್ಳು ಸಂದೇಶ ಕಳಿಸಿದರು. ಈ ತಪ್ಪನ್ನು ಮುಚ್ಚಿಡಬೇಕಿಲ್ಲ. ವಿಚಾರಣೆಯಲ್ಲಿ ಆಕೆ ಬಾಯಿ ಬಿಡಲಿಲ್ಲವೆಂಬುದೂ ಅಷ್ಟೇ ನಿಜ.

1944ರ ಸೆಪ್ಟೆಂಬರ್ 13ರಂದು ನಾಜಿಗಳ ಡಾಖಾವ್ ಸೆರೆಶಿಬಿರದಲ್ಲಿ ಇನ್ನೂ ಮೂವರು ಮಹಿಳೆಯರೊಂದಿಗೆ ಆಕೆಯನ್ನು ಗುಂಡಿಟ್ಟು ಕೊಂದರು. ಯುದ್ಧ ಮುಗಿದ ಮೇಲೂ ಕೆಲಕಾಲ, ಆಕೆ ಸತ್ತದ್ದು ನಾಟ್ಸ್‌ವೈಲರ್ ಶಿಬಿರದಲ್ಲಿ ಎಂದೇ ಲಂಡನ್ನಿನ ಅಧಿಕಾರಿಗಳು ನಂಬಿದ್ದರು. 1949ರಲ್ಲಿ ಬ್ರಿಟನ್ನಿನ ದೊಡ್ಡ ಶೌರ್ಯ ಪದಕವಾದ ಜಾರ್ಜ್ ಕ್ರಾಸ್ ಬಂತು. ಲಂಡನ್ನಿನಲ್ಲಿ ಪ್ರತಿಮೆ ಬರಲು ಮತ್ತೆ 63 ವರ್ಷ ಬೇಕಾಯಿತು. ಅದೂ ಸಾರ್ವಜನಿಕರ ದೇಣಿಗೆಯಿಂದ. ಗಾರ್ಡನ್ ಸ್ಕ್ವೇರನ್ನೇ ಆರಿಸಿದ್ದಕ್ಕೆ ಕಾರಣವಿದೆ: ಆಕೆ ಹತ್ತಿರದಲ್ಲೇ ವಾಸವಿದ್ದಳು, ಬಿಡುವಾದಾಗ ಈ ತೋಟದಲ್ಲಿ ಬಂದು ಕೂರುತ್ತಿದ್ದಳು.

ಆ ಮನೆ, 4 ಟ್ಯಾವಿಟನ್ ಸ್ಟ್ರೀಟ್, ಹೆಸರಾಂತವರು ವಾಸವಿದ್ದ ಮನೆಗಳಿಗೆ ಹಾಕುವ ನೀಲಿ ಫಲಕ ಪಡೆದದ್ದು 2020ರಲ್ಲಿ. ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿನಲ್ಲಿ ಕೈಕಾಲಿಗೆ ಸಂಕೋಲೆ ಹಾಕಿ ಒಂಟಿಯಾಗಿ ಇಟ್ಟಿದ್ದಾಗ, ತಾನು ಯಾರೆಂದು ಬೇರೆ ಕೈದಿಗಳಿಗೆ ತಿಳಿಸಲು ನೂರ್ ಊಟದ ಬಟ್ಟಲಿನ ತಳದಲ್ಲಿ ಗೀಚಿದ್ದು ಇದೇ ವಿಳಾಸವನ್ನು.