ಗ್ಲಾಸು ಸ್ವಲ್ಪ ಬೆಚ್ಚಗಾಗಲಿ ಬಿಡಿ

ಕಲಬುರಗಿಯ ವೈನ್ ಶಾಪ್ ಕೌಂಟರಿನಲ್ಲಿ ಬಿಯರ್ ಬಗ್ಗೆ ಕೇಳುವ ಪ್ರಶ್ನೆಗಳು ಎರಡೇ. ‘ಥಂಡಾ ಅದಾ?’ ‘ಸ್ಟ್ರಾಂಗ್ ಅದಾ?’ ಎರಡಕ್ಕೂ ಕಾರಣ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ. ಅಂಥ ಹೊತ್ತಲ್ಲಿ ತಣ್ಣಗಿದ್ದದ್ದೆಲ್ಲ ಅಮೃತ. ಇನ್ನು ಸ್ಟ್ರಾಂಗ್ ಅಂದರೆ 5 ಪರ್ಸೆಂಟ್‌ಗಿಂತ ಜಾಸ್ತಿ, 8 ಪರ್ಸೆಂಟ್‌ವರೆಗೆ ಆಲ್ಕೋಹಾಲ್ ಇರುವ ಬಿಯರ್. ನಮ್ಮ ದೇಶದಲ್ಲಿ ಹೆಚ್ಚು ಖರ್ಚಾಗುವುದೂ ಅದೇ. ಆದರೆ ರುಚಿ ಹೇಗಿದೆ ಅಂತ ಕೇಳುವವರು ಕಡಿಮೆ. ಐಸಿನಷ್ಟು ತಣ್ಣಗೆ ಕುಡಿದಾಗ ರುಚಿ ಗೊತ್ತಾಗುವುದೂ ಇಲ್ಲ, ಹಾಗಾಗಿ ಆ ಪ್ರಶ್ನೆ ಹುಟ್ಟುವುದೂ ಇಲ್ಲ.

ಸ್ಟ್ರಾಂಗ್ ಆಗಿದ್ದೂ ಥಂಡಾ ಕುಡಿದರೆ ರುಚಿಯನ್ನು ಪೂರ್ತಿ ಮುಚ್ಚಿಕೊಂಡುಬಿಡುವ ಒಂದು ಬಿಯರ್ ಇದೆ. ಅದು ಬೆಲ್ಜಿಯಂ ಶೈಲಿಯ ಗೋಧಿ ಬಿಯರ್. ಅಲ್ಲಿ ‘ವಿಟ್‌ಬಿಯರ್’ ಅನ್ನುತ್ತಾರೆ. ಮಾಮೂಲಿ ವಿಟ್ 5 ಪರ್ಸೆಂಟ್ ಆಸುಪಾಸಿನದು. ಧಾನ್ಯವನ್ನು ಹೆಚ್ಚು ಹಾಕಿ, ಸಕ್ಕರೆ ಅಂಶ ಗಟ್ಟಿಯಾಗುವಂತೆ ಮಾಡಿ, 7-8 ಪರ್ಸೆಂಟ್‌ವರೆಗೆ ಒಯ್ಯುವವರೂ ಇದ್ದಾರೆ. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಗೆಳೆಯ ಅಂಥದ್ದೊಂದು ಬಾಟಲಿ ತಂದಿದ್ದ. 330 ಎಂಎಲ್, 8 ಪರ್ಸೆಂಟ್. ನಾವು ಅದನ್ನು ಎರಡು ಗ್ಲಾಸಿಗೆ ಹಂಚಿಕೊಂಡು, ಬೇಕಂತಲೇ ನಿಧಾನ ಮಾಡಿದೆವು. ಮುಂದೆ ಹೇಳುವುದೆಲ್ಲ ಆ ಗ್ಲಾಸಿನಲ್ಲಿ ನಡೆದದ್ದು, ಮತ್ತು ಅದು ಯಾಕೆ ಹಾಗೆ ನಡೆಯಿತು ಅನ್ನೋದು.

ಮೊದಲು ಒಳಗೆ ಏನಿದೆ ನೋಡೋಣ. ಅರ್ಧದಷ್ಟು ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಉಳಿದರ್ಧದ ಹತ್ತಿರ ಮೊಳಕೆ ಬರಿಸದ ಹಸಿ ಗೋಧಿ. ಸ್ವಲ್ಪ ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಒಂದು ಬಳ್ಳಿಯ ಹೂ), ಕಹಿ ಕಿತ್ತಳೆಯ ಒಣ ಸಿಪ್ಪೆ, ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಯೀಸ್ಟ್. ಜೊತೆಗೆ ಹವೀಜ. ಹೌದು, ನಮ್ಮ ಮಸಾಲೆ ಡಬ್ಬಿಯ ಅದೇ ಹವೀಜ, ಕೊತ್ತಂಬರಿ ಬೀಜ. ಬಿಯರ್ ಕುದಿಯುವುದು ಮುಗಿಯುವ ಹೊತ್ತಿಗೆ ಅದನ್ನು ಕುಟ್ಟಿ ಹಾಕುತ್ತಾರೆ. ಬೇಗ ಹಾಕಿದರೆ ಪರಿಮಳವೆಲ್ಲ ಆವಿಯ ಜೊತೆ ಹೋಗಿಬಿಡುತ್ತದೆ.

ಈ ಬಿಯರ್ ಒಂದು ಸಲ ಸತ್ತು ಮತ್ತೆ ಹುಟ್ಟಿದ್ದು. ಬೆಲ್ಜಿಯಂನ ಹೂಗಾರ್ಡನ್ ಎಂಬ ಊರು ಇದಕ್ಕೇ ಹೆಸರಾಗಿತ್ತು. ಲಾಗರ್, ಅಂದರೆ ಇವತ್ತು ನಮಗೂ ದಿನಾ ಸಿಗುವ ಮಾಮೂಲಿ ಬಿಯರ್, ಅದರ ಅಲೆಯ ಮುಂದೆ ಅಲ್ಲಿನ ಬ್ರೂವರಿಗಳು, ಅಂದರೆ ಬಿಯರ್ ತಯಾರಿಸುವ ಕಾರ್ಖಾನೆಗಳು, ಒಂದೊಂದಾಗಿ ಮುಚ್ಚಿದವು. 1950ರ ದಶಕದಲ್ಲಿ ಕೊನೆಯದೂ ಹೋಯಿತು. ಹುಡುಗನಾಗಿದ್ದಾಗ ಆ ಬ್ರೂವರಿಯಲ್ಲಿ ಕೈಯಾಡಿಸಿದ್ದ ಪಿಯರ್ ಸೆಲಿಸ್ ಎಂಬ ಹಾಲು ಮಾರುವವರು 1966ರ ಹೊತ್ತಿಗೆ ಆ ಬಿಯರನ್ನು ಮತ್ತೆ ಶುರು ಮಾಡಿದರು. ಇವತ್ತು ಜಗತ್ತಿನಲ್ಲಿ ಎಲ್ಲೇ ಹವೀಜ-ಕಿತ್ತಳೆಯ ಗೋಧಿ ಬಿಯರ್ ಸಿಕ್ಕರೂ ಅದರ ಬೇರು ಈ ಒಬ್ಬ ಮನುಷ್ಯನ ಹಟದಲ್ಲಿದೆ ಅಂತಲೇ ನಾನು ತಿಳಿದಿದ್ದೇನೆ.

ಈಗ ಗ್ಲಾಸಿಗೆ ಬರೋಣ. ಬಣ್ಣ ಮಸುಕು ಹಳದಿ, ಆಚೆ ಬದಿ ಹಿಡಿದ ಬೆರಳು ಕಾಣುವುದಿಲ್ಲ. ಹಸಿ ಗೋಧಿಯ ಪ್ರೋಟೀನು, ಪಿಷ್ಟದ ಕಣಗಳು, ತೇಲುವ ಯೀಸ್ಟು ಎಲ್ಲ ಸೇರಿ ಬೆಳಕನ್ನು ಚದುರಿಸುತ್ತವೆ. ಬಾಟಲಿ ಕೆಟ್ಟಿದೆ ಅಂತ ಗಾಬರಿಯಾಗಬೇಕಿಲ್ಲ. ಇದು ಹೀಗೇ ಇರಬೇಕು. ನೊರೆ ಬೆಳ್ಳಗೆ, ದಪ್ಪ. ಗೋಧಿ ಪ್ರೋಟೀನು ಗುಳ್ಳೆಯ ಗೋಡೆಯನ್ನು ಗಟ್ಟಿ ಹಿಡಿಯುತ್ತದೆ, ಹಾಪ್ಸಿನ ಕಹಿ ಅಂಶ ಅದಕ್ಕೆ ಕೈಜೋಡಿಸುತ್ತದೆ. ಗೆಳೆಯ ಮಿರ್ಚಿ ಬಜ್ಜಿ ಕಚ್ಚಿ ಹಾಗೇ ಒಂದು ಗುಟುಕು ಕುಡಿದ. ತುಟಿ ತಾಗಿದ ಕಡೆ ನೊರೆ ಕರಗಿ ಗುಂಡಿ ಬಿತ್ತು. ನನ್ನ ಗ್ಲಾಸಿನ ನೊರೆ ಇನ್ನೂ ಗಟ್ಟಿಯಾಗಿತ್ತು. ಬಜ್ಜಿಯ ಎಣ್ಣೆ ಗುಳ್ಳೆಯ ಗೋಡೆಗೆ ಸೇರಿಕೊಂಡರೆ ಪ್ರೋಟೀನಿನ ಹಿಡಿತ ತಪ್ಪುತ್ತದೆ. ಎಣ್ಣೆ ಜಿಡ್ಡು ಉಳಿದ ಗ್ಲಾಸಿನಲ್ಲೂ ಇದೇ ಆಗುವುದು.

ಮೊದಲ ಗುಟುಕು ಫ್ರಿಜ್ಜಿನಿಂದ ತೆಗೆದ ಕೂಡಲೇ, ಸುಮಾರು 4 ಡಿಗ್ರಿಯಲ್ಲಿ. ಸಿಕ್ಕಿದ್ದು ಚುಚ್ಚು, ಚೂರು ಹುಳಿ, ಥಂಡಿ. ಅಷ್ಟೇ. 8 ಪರ್ಸೆಂಟ್ ಇದೆ ಅಂತಲೂ ಗೊತ್ತಾಗಲಿಲ್ಲ.

ಆ ಚುಚ್ಚು ಗುಳ್ಳೆ ಒಡೆಯುವುದರಿಂದ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಬಹುಪಾಲು ಅದು ರಾಸಾಯನಿಕ ಕೆಲಸ. ಹುಳಿ ಗುರುತಿಸುವ ರುಚಿ ಕೋಶಗಳ ಮೇಲೆ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವ ಕೂತಿರುತ್ತದೆ. ಅದು ಬಿಯರ್‌ನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡನ್ನು ಅಲ್ಲೇ ಆಮ್ಲವಾಗಿಸುತ್ತದೆ. ಬಾಯಿಯ ನೋವಿನ ನರಗಳೂ ಆ ಆಮ್ಲಕ್ಕೆ ಸ್ಪಂದಿಸುತ್ತವೆ. ಎತ್ತರದ ಬೆಟ್ಟ ಹತ್ತುವವರು ನುಂಗುವ ಅಸೆಟಜೋಲಮೈಡ್ ಮಾತ್ರೆ ಈ ಕಿಣ್ವವನ್ನು ತಡೆಯುತ್ತದೆ. ಅದನ್ನು ನುಂಗಿ ಬಿಯರ್ ಕುಡಿದವರಿಗೆ ಗುಳ್ಳೆ ಕಣ್ಣಿಗೆ ಕಾಣುತ್ತದೆ, ನಾಲಿಗೆಗೆ ಮಾತ್ರ ಸಪ್ಪೆ. ತಣ್ಣಗಿನ ದ್ರವದಲ್ಲಿ ಈ ಅನಿಲ ಜಾಸ್ತಿ ಕರಗಿರುತ್ತದೆ. 0 ಡಿಗ್ರಿಯ ನೀರು ಹಿಡಿದಿಡುವುದರಲ್ಲಿ ಹೆಚ್ಚುಕಮ್ಮಿ ಅರ್ಧವನ್ನಷ್ಟೇ 20 ಡಿಗ್ರಿಯ ನೀರು ಹಿಡಿದಿಡಬಲ್ಲದು.

ಸಿಹಿ ಎಲ್ಲಿ ಹೋಯಿತು? ಸ್ಟ್ರಾಂಗ್ ಬಿಯರ್‌ನಲ್ಲಿ ಯೀಸ್ಟ್ ತಿನ್ನದೆ ಬಿಟ್ಟ ಮಾಲ್ಟಿನ ಅಂಶ ಸಾಕಷ್ಟು ಉಳಿದಿರುತ್ತದೆ. ಆದರೂ ಥಂಡಾ ಇದ್ದಾಗ ಅದು ಕಾಣುವುದಿಲ್ಲ. ರುಚಿ ಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಪ್ರೋಟೀನ್ ಇದೆ. ಸಿಹಿಯ ಸುದ್ದಿ ಮೆದುಳಿಗೆ ಮುಟ್ಟಬೇಕಾದರೆ ಅದು ಬಾಗಿಲು ತೆರೆದಂತೆ ತೆರೆಯಬೇಕು. 15ರಿಂದ 35 ಡಿಗ್ರಿಯ ನಡುವೆ ಶಾಖ ಏರಿದಷ್ಟೂ ಅದು ಹೆಚ್ಚು ತೆರೆಯುತ್ತದೆ ಅಂತ 2005ರಲ್ಲಿ ತೋರಿಸಿದವರು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಲ್ಯೂವೆನ್ ಇರುವುದು ಹೂಗಾರ್ಡನ್ ಪಕ್ಕದಲ್ಲೇ.

ಹಾಗಾಗಿ ಕಾಯಬೇಕು. ಕಾಯುವುದಕ್ಕೆ ಕಲಬುರಗಿಯಷ್ಟು ಒಳ್ಳೆಯ ಊರಿಲ್ಲ. ಮೇ ತಿಂಗಳ ಕೋಣೆಯಲ್ಲಿ ಸುಮ್ನೆ ಟೇಬಲ್ ಮೇಲೆ ಇಟ್ಟ ಗ್ಲಾಸು ಕಾಲು ಗಂಟೆಯಲ್ಲಿ 10 ಡಿಗ್ರಿ ದಾಟುತ್ತದೆ. 20 ಡಿಗ್ರಿಯ ಬ್ರಸೆಲ್ಸ್ ಕೋಣೆಯಲ್ಲಿ ಇದರ ಎರಡರಷ್ಟು ಹೊತ್ತಾದರೂ ಬೇಕು.

10-12 ಡಿಗ್ರಿಗೆ ಬಂದಾಗ ಗ್ಲಾಸು ಬದಲಾಯಿತು. ಬಾಯಿಗೆ ಒಯ್ಯುವ ಮೊದಲೇ ಮೂಗಿಗೆ ಬಂತು. ಮೊದಲು ಹವೀಜ. ಅದರ ಬೆನ್ನಿಗೆ ಕಿತ್ತಳೆ. ಗುಟುಕು ಇಳಿದ ಮೇಲೆ ಸಣ್ಣಗೆ ಲವಂಗ. ಪರಿಮಳದ ಅಣುಗಳು ದ್ರವ ಬಿಟ್ಟು ಗಾಳಿಗೆ ಹಾರಿದರೆ ತಾನೇ ಮೂಗಿಗೆ ಸಿಗುವುದು. ಈ ಬಗೆಯ ಅಣುಗಳು 10 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಮ್ಮಿ ಎರಡು ಪಟ್ಟು ಹಾರುತ್ತವೆ. ಫ್ರಿಜ್ಜಿನಿಂದ ತೆಗೆದ ನಿನ್ನೆಯ ಸಾರಿಗೆ ವಾಸನೆ ಇಲ್ಲ, ಬಿಸಿ ಮಾಡಿದ ಕೂಡಲೇ ಮನೆಯೆಲ್ಲ ಘಂ ಅನ್ನುತ್ತದಲ್ವಾ, ಅದೇ ಲೆಕ್ಕ.

ಬಿಯರ್ ಮುಟ್ಟದವರೂ ಇದರ ಅರ್ಧವನ್ನು ಮನೆಯಲ್ಲೇ ನೋಡಬಹುದು. ಮೂಗು ಬಿಗಿಯಾಗಿ ಹಿಡಿದು ನಾಲ್ಕು ಹವೀಜ ಅಗಿಯಿರಿ. ಕಟ್ಟಿಗೆ ಪುಡಿ ತಿಂದ ಹಾಗೆ, ಏನೂ ಇಲ್ಲ. ಅಗಿಯುತ್ತಲೇ ಮೂಗು ಬಿಡಿ. ಒಂದು ಕ್ಷಣದಲ್ಲಿ ಬಾಯಿ ತುಂಬ ಪರಿಮಳ. ಬಾಯಿಯಿಂದ ಗಂಟಲ ಹಿಂದುಗಡೆಯಿಂದ ಮೂಗಿಗೆ ಒಂದು ದಾರಿ ಇದೆ. ನಾವು ‘ಬಾಯಿರುಚಿ’ ಅನ್ನುವುದರಲ್ಲಿ ಬಹುಪಾಲು ಆ ದಾರಿಯಲ್ಲಿ ಬಂದದ್ದು. ನಾಲಿಗೆಗೆ ತಿಳಿಯುವ ರುಚಿಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ, ಅಂದರೆ ವಾಸನೆಯ ಅಣು ಗುರುತಿಸುವ ಪ್ರೋಟೀನುಗಳು.

ಹವೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಲಿನಲೂಲ್ ಎಂಬ ಒಂದೇ ವಸ್ತು. ಹೂವಿನಂತೆ, ನಿಂಬೆಯ ಕಡೆ ವಾಲುವ ವಾಸನೆ ಅದರದು. ಹಸಿ ಕೊತ್ತಂಬರಿ ಸೊಪ್ಪಿನ ಘಾಟು ಬೇರೆ, ಅದು ಆಲ್ಡಿಹೈಡ್ ಎಂಬ ಇನ್ನೊಂದು ಬಗೆಯ ವಸ್ತುಗಳದ್ದು. ಕಾಯಿ ಹಣ್ಣಾಗಿ ಒಣಗುವಾಗ ಆಲ್ಡಿಹೈಡ್ ಇಳಿದು ಲಿನಲೂಲ್ ಏರುತ್ತದೆ. ಸೊಪ್ಪು ಕಂಡರೆ ಸೋಪಿನ ವಾಸನೆ ಅಂತ ಮುಖ ತಿರುಗಿಸುವವರೂ ಹವೀಜವನ್ನು ಇಷ್ಟಪಡುವುದು ಇದಕ್ಕೇ. ಯೀಸ್ಟ್ ಕೂಡ ಸುಮ್ಮನೆ ಕೂರುವುದಿಲ್ಲ. ಹವೀಜದಲ್ಲಿ ಸ್ವಲ್ಪವೇ ಇರುವ ಜೆರಾನಿಯಾಲ್ ಎಂಬ ಪರಿಮಳದ ವಸ್ತುವನ್ನು ನಿಂಬೆಯ ಕಡೆ ವಾಲುವ ಸಿಟ್ರೊನೆಲ್ಲೋಲ್ ಆಗಿ ತಿರುಗಿಸುತ್ತದೆ. ಹಾಗಾಗಿ ಬಿಯರ್‌ನಲ್ಲಿ ಸಿಗುವ ಹವೀಜ ನಮ್ಮ ಕುಟ್ಟಾಣಿಯ ಹವೀಜಕ್ಕಿಂತ ಇನ್ನೂ ನಿಂಬೆನಿಂಬೆ. ನನಗೆ ಈ ಇಡೀ ಬಿಯರ್‌ನಲ್ಲಿ ಅತಿ ಹೆಚ್ಚು ಹಿಡಿಸಿದ್ದು ಇದೇ. ದಿನಾ ಮೂಸುವ ಒಂದು ಕಾಳು, ಇನ್ನೊಂದು ಜೀವಿಯ ಹೊಟ್ಟೆ ಹೊಕ್ಕು ಬೇರೆಯಾಗಿ ಬಂದಿದೆ.

ಇನ್ನು ಲವಂಗ. ಈ ಬಿಯರ್‌ಗೆ ಯಾರೂ ಲವಂಗ ಹಾಕಿಲ್ಲ. ಗೋಧಿ, ಬಾರ್ಲಿಯ ಹೊಟ್ಟಿನಲ್ಲಿ ಫೆರುಲಿಕ್ ಆಮ್ಲ ಇರುತ್ತದೆ. ನಮ್ಮ ಬಿಳಿಜೋಳದ ಹೊಟ್ಟಿನಲ್ಲೂ ಇದೆ. ಅದಕ್ಕೆ ಹೇಳಿಕೊಳ್ಳುವ ವಾಸನೆ ಇಲ್ಲ. ಕೆಲವು ಯೀಸ್ಟ್‌ಗಳು ಆ ಅಣುವಿನಿಂದ ಒಂದು ಕಾರ್ಬನ್ ಡೈಆಕ್ಸೈಡ್ ತುಂಡು ಕಿತ್ತು ಹಾಕುತ್ತವೆ. ಉಳಿಯುವುದು 4-ವಿನೈಲ್ ಗ್ವಾಯಾಕಾಲ್, ಲವಂಗದ ವಾಸನೆಯದು. ನಮಗೆ ದಿನಾ ಸಿಗುವ ಲಾಗರ್‌ನಲ್ಲಿ ಇದು ಇರುವುದಿಲ್ಲ. 2016ರಲ್ಲಿ ಲ್ಯೂವೆನ್‌ನವರೂ ಸೇರಿದ ತಂಡವೊಂದು 157 ಯೀಸ್ಟ್ ತಳಿಗಳ ವಂಶವಾಹಿಗಳನ್ನು ಓದಿತು. ಬಿಯರ್‌ನ ಹಲವು ತಳಿಗಳಲ್ಲಿ ಈ ಕೆಲಸದ ಜೀನುಗಳು ಕೆಟ್ಟುಹೋಗಿದ್ದವು. ಲವಂಗದ ವಾಸನೆ ಬೇಡವೆಂದ ಬ್ರೂವರ್‌ಗಳು ತಲೆತಲಾಂತರದಿಂದ ಅಂಥ ಯೀಸ್ಟನ್ನೇ ಆರಿಸಿ ಉಳಿಸಿಕೊಂಡಿದ್ದರು. ಗೋಧಿ ಬಿಯರ್ ಮಾಡುವವರಿಗೆ ಅದೇ ವಾಸನೆ ಬೇಕಿತ್ತು, ಹಾಗಾಗಿ ಅವರ ಯೀಸ್ಟ್‌ನಲ್ಲಿ ಜೀನು ಸರಿಯಾಗಿದೆ. ಬಾಳೆಹಣ್ಣಿನ ವಾಸನೆಯ ಎಳೆಯೊಂದೂ ಇರುತ್ತದೆ, ಅದು ಐಸೊಅಮೈಲ್ ಅಸಿಟೇಟ್ ಎಂಬ ವಸ್ತುವಿನದು. ಜರ್ಮನಿಯ ಗೋಧಿ ಬಿಯರ್‌ನಲ್ಲಿ ಅದು ಎದ್ದು ಕಾಣುತ್ತದೆ, ಇಲ್ಲಿ ಹಿಂದೆ ನಿಲ್ಲುತ್ತದೆ.

ಅರ್ಧ ಗಂಟೆಯ ಹೊತ್ತಿಗೆ ಗ್ಲಾಸಿನ ತಳದಲ್ಲಿ ಉಳಿದದ್ದು 20 ಡಿಗ್ರಿಯ ಹತ್ತಿರ ಬಂದಿತ್ತು. ಆಗ ಸ್ಟ್ರಾಂಗ್ ಅನ್ನುವುದು ಮುಂದೆ ಬಂತು. ಗುಳ್ಳೆ ಕಡಿಮೆ, ಜೇನಿನಂಥ ಸಿಹಿ, ಗಂಟಲಲ್ಲಿ ಬಿಸಿ. ಆ ಬಿಸಿ ಬರೀ ಭ್ರಮೆಯಲ್ಲ. ಬಾಯಲ್ಲಿ ಶಾಖ ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕ ಇದೆ. 1997ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ತಂಡ ಇದನ್ನು ಹಿಡಿದದ್ದು ಮೆಣಸಿನಕಾಯಿಯ ಖಾರದ ಜಾಡಿನಲ್ಲಿ. 2021ರ ನೊಬೆಲ್ ಅದಕ್ಕೇ ಬಂತು. ಸಾಮಾನ್ಯವಾಗಿ ಇದು ಸುಮಾರು 42 ಡಿಗ್ರಿಗೆ ಎಚ್ಚರಾಗುತ್ತದೆ. ಆಲ್ಕೋಹಾಲ್ ಆ ಮಿತಿಯನ್ನು 34ರ ಆಸುಪಾಸಿಗೆ ಇಳಿಸುತ್ತದೆ. ನಮ್ಮ ಮೈಯ ಶಾಖವೇ 37. ಅಂದರೆ ಬಾಯಿಯ ಸ್ವಂತ ಬಿಸಿಯೇ ಉರಿಯಾಗಿ ಕಾಣುತ್ತದೆ. ಮಿರ್ಚಿ ಬಜ್ಜಿಯ ಖಾರವೂ ಇದೇ ಗ್ರಾಹಕವನ್ನು ಒತ್ತುತ್ತದೆ. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿದ ಗೆಳೆಯನಿಗೆ ಬೆವರು ಕಿತ್ತುಕೊಂಡು ಬಂತು. ಖಾರ ತಣಿಸಲು ಸ್ಟ್ರಾಂಗ್ ಬಿಯರ್ ಕುಡಿಯುವುದು ಉಲ್ಟಾ ಕೆಲಸ. ಇದರ ಜೊತೆಗೆ ಖಡಕ್ ರೊಟ್ಟಿ, ಮೊಸರು, ಉಪ್ಪು ಹಾಕಿದ ಶೇಂಗಾ ಚೆನ್ನ.

ಬಾಯಾರಿಕೆಗೂ ಇದು ಅಲ್ಲ. ಮೂತ್ರವನ್ನು ತಡೆದು ಮೈಯಲ್ಲಿ ನೀರು ಉಳಿಸುವ ಹಾರ್ಮೋನನ್ನು ಆಲ್ಕೋಹಾಲ್ ಅದುಮಿಬಿಡುತ್ತದೆ. 43 ಡಿಗ್ರಿಯ ಊರಲ್ಲಿ ಇದು ಸಣ್ಣ ಮಾತಲ್ಲ. ಲೆಕ್ಕವೂ ಗೊತ್ತಿರಲಿ. 8 ಪರ್ಸೆಂಟ್‌ನ 330 ಎಂಎಲ್ ಬಾಟಲಿಯಲ್ಲಿ ಸುಮಾರು 21 ಗ್ರಾಂ ಶುದ್ಧ ಆಲ್ಕೋಹಾಲ್ ಇದೆ. 650 ಎಂಎಲ್‌ನ ದೊಡ್ಡ ಬಾಟಲಿಯಾದರೆ 41 ಗ್ರಾಂ. ಲಿವರ್ ಗಂಟೆಗೆ ಕಳೆಯಬಲ್ಲದ್ದು 7ರಿಂದ 10 ಗ್ರಾಂ ಅಷ್ಟೇ. ಆಲ್ಕೋಹಾಲ್ ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಅನ್ನುವುದೂ ಖಚಿತವಾಗಿರುವ ಸಂಗತಿ. ಕುಡಿಯದವರು ಈ ರುಚಿಗಾಗಿ ಶುರು ಮಾಡಬೇಕಾಗಿಲ್ಲ, ಹವೀಜ ಅಗಿದರೆ ಸಾಕು. ಕುಡಿಯುವವರು ಒಂದು ಚಿಕ್ಕ ಬಾಟಲಿಯನ್ನು ಇಬ್ಬರು ಹಂಚಿಕೊಂಡು, ಪಕ್ಕದಲ್ಲಿ ನೀರಿಟ್ಟುಕೊಂಡು ಕೂತರೆ ಮೇಲೆ ಹೇಳಿದ್ದೆಲ್ಲ ಸಿಗುತ್ತದೆ.

ಗ್ಲಾಸಿಗೆ ಒಳ್ಳೆಯದಾದ ಕಲಬುರಗಿಯ ಬಿಸಿ ಮುಚ್ಚಿದ ಬಾಟಲಿಗೆ ಮಾತ್ರ ವೈರಿ. ತಗಡಿನ ಛಾವಣಿ ಕೆಳಗೆ ಪೆಟ್ಟಿಗೆಯಲ್ಲಿ ಬೇಸಿಗೆ ಕಳೆದ ಬಿಯರ್‌ನಲ್ಲಿ ಬಾಳೆಹಣ್ಣಿನ, ಲವಂಗದ ವಾಸನೆ ಎರಡೂ ಇಳಿಯುತ್ತವೆ. ಅವುಗಳ ಜಾಗಕ್ಕೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಬಿಸಿಲು ಬಿದ್ದರೆ ಇನ್ನೊಂದು ತೊಂದರೆ: ಹಾಪ್ಸಿನ ಕಹಿ ಅಂಶ ಬೆಳಕಿಗೆ ಒಡೆದು ಕೊಳೆತ ನಾತದ ಗಂಧಕದ ವಸ್ತುವಾಗುತ್ತದೆ. ಕಂದು ಗಾಜು ಇದನ್ನು ಬಹಳಷ್ಟು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ. ಆದ್ದರಿಂದ ಗೋಧಿ ಬಿಯರ್ ಕೊಳ್ಳುವಾಗ ಥಂಡಾ ಇದೆಯಾ ಅಂತ ಕೇಳಿದ ಮೇಲೆ ತಯಾರಾದ ತಿಂಗಳನ್ನೂ ಓದಿ. ಹೊಸದಾಗಿದ್ದರೆ, ಫ್ರಿಜ್ಜಿನೊಳಗೇ ಇದ್ದದ್ದಾದರೆ, ಕಂದು ಬಾಟಲಿಯದಾದರೆ ತಗೊಳ್ಳಿ. ಸುರಿಯುವಾಗ ಕೊನೆಯ ಎರಡು ಬೆರಳಷ್ಟು ಉಳಿಸಿ, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ, ತಳದ ಯೀಸ್ಟನ್ನೂ ಗ್ಲಾಸಿಗೆ ಹಾಕಿಕೊಳ್ಳಿ.