ಬಾಗಿಲು ತಟ್ಟಿದ್ದು ‘ಐ’ಯೋ ‘ಮೀ’ಯೋ?

ಬಾಗಿಲು ತಟ್ಟಿದವರನ್ನು ‘ಯಾರು?’ ಎಂದು ಕೇಳಿದರೆ ಕನ್ನಡದಲ್ಲಿ ಬರುವ ಉತ್ತರ ‘ನಾನು’. ‘ನನ್ನನ್ನು’ ಎಂದು ಯಾರೂ ಅನ್ನುವುದಿಲ್ಲ. ಅದೇ ಪ್ರಶ್ನೆಗೆ ಲಂಡನ್ನಿನಲ್ಲಾಗಲಿ ಷಿಕಾಗೋದಲ್ಲಾಗಲಿ ಸಿಗುವ ಉತ್ತರ ‘ಇಟ್ಸ್ ಮೀ’. ವಿಭಕ್ತಿ ಲೆಕ್ಕ ಹಾಕಿದರೆ ಅದು ‘ಅದು ನನ್ನನ್ನು’ ಎಂದಂತೆ. ನಮ್ಮ ಹೈಸ್ಕೂಲು ವ್ಯಾಕರಣ ಪುಸ್ತಕಗಳು ಮಾತ್ರ ‘ಇಟ್ ಈಸ್ ಐ’ ಎಂಬುದೇ ಸರಿ ಎಂದು ಹೇಳಿಕೊಟ್ಟವು. ಇಂಗ್ಲಿಷರ ಮನೆಯೊಳಗೆ ಹೆಚ್ಚುಕಡಿಮೆ ಕೇಳಿಸದ ಮಾತು ನಮಗೆ ಶುದ್ಧ ಇಂಗ್ಲಿಷಾಗಿ ಬಂದಿದೆ. ಅದು ಬಂದ ದಾರಿ ಸಾವಿರ ವರ್ಷದಷ್ಟು ಉದ್ದದ್ದು.

ಇಂದಿನ ಇಂಗ್ಲಿಷಿನಲ್ಲಿ ಕರ್ತೃವಿಗೊಂದು, ಕರ್ಮಕ್ಕೊಂದು ರೂಪ ಉಳಿಸಿಕೊಂಡಿರುವ ಸರ್ವನಾಮಗಳು ಮುಖ್ಯವಾಗಿ ಆರು ಜೋಡಿ: ಐ–ಮೀ, ಹಿ–ಹಿಮ್, ಶಿ–ಹರ್, ವಿ–ಅಸ್, ದೇ–ದೆಮ್, ಹೂ–ಹೂಮ್. ‘ಯು’ ಮತ್ತು ‘ಇಟ್’ ಎರಡೂ ಕಡೆ ಒಂದೇ. ನಾಮಪದಗಳಿಗಂತೂ ಷಷ್ಠಿಯೊಂದನ್ನು ಬಿಟ್ಟರೆ ವಿಭಕ್ತಿಯೇ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಹೀಗಿರಲಿಲ್ಲ. ನಾಮಪದ, ಗುಣವಾಚಕ, ‘ದಿ’ ಎಂಬ ಪುಟ್ಟ ಪದ ಕೂಡ ವಿಭಕ್ತಿಗೆ ತಕ್ಕ ವೇಷ ತೊಡುತ್ತಿತ್ತು. ‘ರಾಮ ಹಣ್ಣನ್ನು ತಿಂದ’, ‘ಹಣ್ಣನ್ನು ರಾಮ ತಿಂದ’ ಎಂದು ನಾವು ಪದಗಳನ್ನು ಹಿಂದೆಮುಂದೆ ಮಾಡುವಂತೆ ಅವರೂ ಮಾಡಬಹುದಿತ್ತು. ಪದದ ಕೊನೆಯ ಸ್ವರಗಳು ಸವೆದು ಒಂದರಂತೆ ಇನ್ನೊಂದು ಕೇಳಿಸತೊಡಗಿದವು. ಉತ್ತರ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯಾದವರ ಒಡನಾಟ, 1066ರ ನಾರ್ಮನ್ ಗೆಲುವಿನ ನಂತರ ಹಳೆಯ ಬರಹದ ಪರಂಪರೆ ಕಡಿದುಹೋದದ್ದು, ಇವೂ ಸೇರಿಕೊಂಡವು. 1400ರ ಹೊತ್ತಿಗೆ ನಾಮಪದದ ಪ್ರತ್ಯಯಗಳು ಬಹುಪಾಲು ಉದುರಿದ್ದವು. ಯಾರು ಮಾಡಿದ್ದು, ಯಾರಿಗೆ ಮಾಡಿದ್ದು ಎಂಬುದನ್ನು ಪದ ನಿಂತ ಜಾಗವೇ ಹೇಳಬೇಕಾಯಿತು: ಕ್ರಿಯಾಪದದ ಮುಂದೆ ಕರ್ತೃ, ಹಿಂದೆ ಕರ್ಮ.

ಇಲ್ಲಿ ಕನ್ನಡಿಗರಿಗೆ ತಮ್ಮದೇ ಮನೆಯಂತೆ ಕಾಣುವ ಒಂದು ಮೂಲೆಯಿದೆ. ‘ನನಗನಿಸುತ್ತದೆ’, ‘ನನಗೆ ಇಷ್ಟ’ ಎಂದು ನಾವು ಚತುರ್ಥಿಯಲ್ಲಿ ಹೇಳುವುದನ್ನು ಹಳೆಯ ಇಂಗ್ಲಿಷೂ ಹಾಗೆಯೇ ಹೇಳುತ್ತಿತ್ತು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ‘ಮೀಥಿಂಕ್ಸ್’ ಅದರ ಪಳೆಯುಳಿಕೆ. ಅಲ್ಲಿನ ‘ಥಿಂಕ್’ ಯೋಚಿಸುವುದಲ್ಲ, ತೋರುವುದು. ‘ಲೈಕ್’ ಕೂಡ ಹಿಂದೆ ‘ಹಿಡಿಸು’ ಎಂಬ ಅರ್ಥದ್ದು, ರಾಜನಿಗೆ ಹಣ್ಣು ಹಿಡಿಸಿತು ಎಂಬ ಧಾಟಿಯದು. ಪ್ರತ್ಯಯ ಉದುರಿದ ಮೇಲೆ ಕ್ರಿಯಾಪದದ ಮುಂದಿದ್ದ ರಾಜನನ್ನು ಜನ ಕರ್ತೃ ಎಂದೇ ಓದಿಕೊಂಡರು. ‘ಇಫ್ ಯು ಪ್ಲೀಸ್’ ಎಂಬಲ್ಲಿನ ‘ಯು’ ಕೂಡ ಒಂದು ಕಾಲದ ‘ನಿಮಗೆ’. ಇಂದು ಅದನ್ನು ‘ನೀವು’ ಎಂದೇ ಎಲ್ಲರೂ ತಿಳಿಯುತ್ತಾರೆ.

‘ಯು’ ಕಥೆ ಇನ್ನೂ ಸೊಗಸು. ಬಹುವಚನಕ್ಕೆ ‘ಯೀ’ ಎಂದರೆ ನೀವು, ‘ಯು’ ಎಂದರೆ ನಿಮ್ಮನ್ನು ಅಥವಾ ನಿಮಗೆ. 1611ರ ಬೈಬಲ್ ಅನುವಾದ ಈ ಭೇದವನ್ನು ಶ್ರದ್ಧೆಯಿಂದ ಕಾಪಾಡಿದೆ. ಯೋಹಾನನ ಸುವಾರ್ತೆಯ ‘ಯೀ ಶಲ್ ನೋ ದ ಟ್ರೂತ್, ಅಂಡ್ ದ ಟ್ರೂತ್ ಶಲ್ ಮೇಕ್ ಯು ಫ್ರೀ’ ಎಂಬ ವಾಕ್ಯದಲ್ಲಿ ಎರಡೂ ತಮ್ಮ ತಮ್ಮ ಜಾಗದಲ್ಲಿವೆ. ಆದರೆ ಆ ಬೈಬಲ್ ಅಚ್ಚಾಗುವ ಹೊತ್ತಿಗೆ ಬೀದಿಯಲ್ಲಿ ‘ಯೀ’ ಸಾಯುತ್ತಿತ್ತು. ಕರ್ಮರೂಪ ಕರ್ತೃರೂಪವನ್ನು ಪೂರಾ ನುಂಗಿತು. ಇವತ್ತು ‘ಯು ಆರ್’ ಎನ್ನುವವರೆಲ್ಲ ಆ ಲೆಕ್ಕದಲ್ಲಿ ‘ನಿಮ್ಮನ್ನು ಇದ್ದೀರಿ’ ಎನ್ನುವವರೇ. ಅದನ್ನು ತಪ್ಪೆಂದು ಯಾವ ಮೇಷ್ಟರೂ ತಿದ್ದುವುದಿಲ್ಲ. ‘ಮೀ’ ಅದೇ ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಮಾತ್ರ ಕೆಂಪು ಶಾಯಿ.

ಬಾಗಿಲಾಚೆಯ ಮಾತಿಗೆ ಬರೋಣ. ಹಳೆಯ ಇಂಗ್ಲಿಷಿನವನು ‘ಇಚ್ ಹಿಟ್ ಎಒಮ್’ ಎನ್ನುತ್ತಿದ್ದ, ಅಂದರೆ ‘ನಾನು ಅದು ಆಗಿದ್ದೇನೆ’. 14ನೇ ಶತಮಾನದ ಕವಿ ಚಾಸರನಲ್ಲಿ ಅದು ‘ಇಟ್ ಆಮ್ ಐ’. ಆಮೇಲೆ ‘ಇಟ್’ ಕ್ರಿಯಾಪದದ ಮುಂದೆ ನಿಂತದ್ದರಿಂದ ಅದೇ ಕರ್ತೃವಾಗಿ, ‘ಆಮ್’ ಹೋಗಿ ‘ಈಸ್’ ಬಂತು. ಹಿಂದೆ ಸರಿದ ‘ಐ’ ಈಗ ಕರ್ಮದ ಜಾಗದಲ್ಲಿ ನಿಂತಿದೆ; ಅಲ್ಲಿ ನಿಂತವರೆಲ್ಲ ‘ಮೀ’ ಆಗುವುದು ಆ ಭಾಷೆಯ ಹೊಸ ರೂಢಿ. ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಸರ್ ಆಂಡ್ರ್ಯೂ ಎಂಬ ಪೆದ್ದ ನೈಟ್ ಬಚ್ಚಿಟ್ಟುಕೊಂಡು ತನ್ನ ಬಗ್ಗೆ ಆಡುವ ಮಾತು ಕೇಳಿಸಿಕೊಳ್ಳುತ್ತಾನೆ. ಮೊದಲು ‘ದಟ್ಸ್ ಮೀ, ಐ ವಾರಂಟ್ ಯು’ ಎನ್ನುತ್ತಾನೆ. ನಡುವೆ ಒಂದು ಮಾತು ಕಳೆದರೆ ಅದೇ ಬಾಯಲ್ಲಿ ‘ಐ ನ್ಯೂ ಟ್ವಾಸ್ ಐ’. 1600ರ ಆಸುಪಾಸಿನ ಲಂಡನ್ನಿನ ಕಿವಿಗೆ ಎರಡೂ ಸರಿಯೇ ಇದ್ದವು.

ಲ್ಯಾಟಿನ್ನಿನ ಅಚ್ಚು

ರೂಢಿಯಾಗಿದ್ದನ್ನು ತಪ್ಪು ಎಂದು ಕರೆದದ್ದು 18ನೇ ಶತಮಾನ. ವ್ಯಾಪಾರ ಬೆಳೆದು, ಓದು ಕಲಿತ ಹೊಸ ಮಧ್ಯಮ ವರ್ಗಕ್ಕೆ ‘ಸರಿಯಾದ’ ಇಂಗ್ಲಿಷ್ ಬೇಕಾಗಿತ್ತು. ಹೀಬ್ರೂ ವಿದ್ವಾಂಸನೂ ಮುಂದೆ ಲಂಡನ್ನಿನ ಬಿಷಪ್ಪನೂ ಆದ ರಾಬರ್ಟ್ ಲೌತ್ 1762ರಲ್ಲಿ ಒಂದು ಚಿಕ್ಕ ವ್ಯಾಕರಣ ಬರೆದ. ‘ಇರು’ ಎಂಬ ಕ್ರಿಯಾಪದದ ಎರಡೂ ಬದಿಯಲ್ಲಿ ಪ್ರಥಮೆಯೇ ಇರಬೇಕು ಎಂಬುದು ಅವನ ಸೂತ್ರಗಳಲ್ಲೊಂದು. ಲ್ಯಾಟಿನ್ನಿನಲ್ಲಿ ಹಾಗೇ ಇದೆ. ಲ್ಯಾಟಿನ್ನಿನ ಮಗಳಾದ ಫ್ರೆಂಚ್ ಮಾತ್ರ ‘ಸೆ ಮ್ವಾ’ ಎನ್ನುತ್ತದೆ, ಅದೂ ‘ಇಟ್ಸ್ ಮೀ’ ಜಾತಿಯದೇ! ಆ ಸಾಕ್ಷಿಯನ್ನು ವ್ಯಾಕರಣಕಾರರು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಎದುರು ಮಾತೂ ಆಗಲೇ ಎದ್ದಿತ್ತು. ಆಮ್ಲಜನಕದ ಪ್ರಯೋಗಗಳಿಂದ ನಮಗೆ ಗೊತ್ತಿರುವ ಜೋಸೆಫ್ ಪ್ರೀಸ್ಟ್ಲಿ ಇಂಗ್ಲಿಷ್ ವ್ಯಾಕರಣವನ್ನೂ ಬರೆದವನು. ಅದರ ಮೊದಲ ಮುದ್ರಣ 1761ರದು. ವ್ಯಾಕರಣಕಾರರೆಲ್ಲ ಪ್ರಥಮೆ ಎನ್ನುತ್ತಾರೆ, ಆದರೆ ಆಡುಮಾತೂ ಒಳ್ಳೆಯ ಲೇಖಕರ ಬರಹವೂ ಬೇರೆ ದಾರಿ ತೋರಿಸುತ್ತವೆ ಎಂಬುದು ಅವನ ವಾದ. ಗೆದ್ದದ್ದು ಲೌತ್ ಪಕ್ಷ. ಯಾರ್ಕ್ ಪಟ್ಟಣದಲ್ಲಿ ನೆಲೆಸಿದ್ದ ಅಮೆರಿಕದ ವಕೀಲ ಲಿಂಡ್ಲಿ ಮರ್ರಿ 1795ರಲ್ಲಿ ಲೌತ್‌ನಿಂದ ಧಾರಾಳವಾಗಿ ಎತ್ತಿಕೊಂಡು ಶಾಲಾ ವ್ಯಾಕರಣ ಬರೆದ. ಅದು ಅಟ್ಲಾಂಟಿಕ್‌ನ ಎರಡೂ ದಡದಲ್ಲಿ ದಶಕಗಟ್ಟಲೆ ಪಾಠವಾಯಿತು. ಅದೇ ಸರಣಿ ಶಾಲಾ ವ್ಯಾಕರಣ ಬರೆದ ನೆಸ್‌ಫೀಲ್ಡ್‌ನ ಕೈಗೆ, ಅಲ್ಲಿಂದ 1930ರ ದಶಕದ ವ್ಯಾಕರಣಕಾರರಾದ ರೆನ್ ಮತ್ತು ಮಾರ್ಟಿನ್ ಕೈಗೆ ಬಂದು ನಮ್ಮ ತರಗತಿಗಳಲ್ಲಿ ಬೇರುಬಿಟ್ಟಿತು.

ಒಂದು ಭಾಷೆಯ ಅಚ್ಚಿನಲ್ಲಿ ಇನ್ನೊಂದನ್ನು ಎರಕ ಹೊಯ್ಯುವ ಈ ಕೆಲಸ ನಮಗೆ ಹೊಸದಲ್ಲ. ಸಂಸ್ಕೃತಕ್ಕೆ ಏಳು ವಿಭಕ್ತಿ ಇದೆಯೆಂದು ಕನ್ನಡಕ್ಕೂ ಏಳನ್ನು ಹೊಂದಿಸಿದ್ದು 13ನೇ ಶತಮಾನದ ಕೇಶಿರಾಜನ ಕಾಲದಲ್ಲೇ ಕಾಣುತ್ತದೆ. ಪಂಚಮಿಗೆ ಅವನು ಕೊಟ್ಟದ್ದು ‘ಅತ್ತಣಿಂ’, ನಮ್ಮ ಶಾಲೆಗಳು ಕೊಡುವುದು ‘ದೆಸೆಯಿಂದ’. ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾವ ತೋಟದಲ್ಲಿ ಯಾರು ಹೇಳಿದ್ದಾರೆ? ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 2000ದಲ್ಲಿ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ್ದು ಇಂಥವನ್ನೇ ಕುರಿತು. ‘ಇಟ್ ಈಸ್ ಐ’ ಎಂಬುದು ಇಂಗ್ಲಿಷಿನ ‘ದೆಸೆಯಿಂದ’.

ತಿದ್ದಿದ್ದು ಎಲ್ಲಿ ಕೆಟ್ಟಿತು

‘ಮೀ ಅಂಡ್ ಹಿಮ್ ವೆಂಟ್’ ಎನ್ನುವ ಮಗುವನ್ನು ಮೇಷ್ಟರು ತಡೆದು ‘ಹಿ ಅಂಡ್ ಐ’ ಎನ್ನು ಎಂದು ತಿದ್ದುತ್ತಾರೆ. ಕಾರಣ ಹೇಳುವುದು ಕಡಿಮೆ. ಮಗು ಕಲಿಯುವ ಪಾಠ ಇಷ್ಟೇ: ‘ಅಂಡ್’ ಆದಮೇಲೆ ‘ಐ’ ಹಾಕಿದರೆ ಮರ್ಯಾದೆ. ದೊಡ್ಡವನಾದ ಮೇಲೆ ಅದೇ ಭಯದಲ್ಲಿ ‘ಬಿಟ್ವೀನ್ ಯು ಅಂಡ್ ಐ’, ‘ಹಿ ಇನ್ವೈಟೆಡ್ ಮೈ ವೈಫ್ ಅಂಡ್ ಐ’ ಎನ್ನುತ್ತಾನೆ. ಭಾಷಾವಿಜ್ಞಾನಿಗಳು ಇದನ್ನು ಅತಿತಿದ್ದುವಿಕೆ ಎನ್ನುತ್ತಾರೆ. ‘ಹ’ಕಾರ ಬಾರದವನು ಶುದ್ಧವಾಗಿ ಮಾತಾಡಲು ಹೋಗಿ ‘ಆಕಾಶ’ವನ್ನು ‘ಹಾಕಾಶ’ ಮಾಡಿದಂತೆ. 1992ರ ಚುನಾವಣೆಯಲ್ಲಿ ಬಿಲ್ ಕ್ಲಿಂಟನ್ ‘ಗಿವ್ ಆಲ್ ಗೋರ್ ಅಂಡ್ ಐ ಎ ಚಾನ್ಸ್’ ಎಂದಾಗ ಅಮೆರಿಕದ ಭಾಷಾ ಕಾವಲುಗಾರರು ಮುಗಿಬಿದ್ದಿದ್ದರು.

ಆದರೆ ಎಲ್ಲ ತಪ್ಪನ್ನೂ ಶಾಲೆಯ ತಲೆಗೆ ಕಟ್ಟಲಾಗದು. ಲೌತ್ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿ ಅಂಟೋನಿಯೋ ತನ್ನ ಪತ್ರದಲ್ಲಿ ‘ಆಲ್ ಡೆಟ್ಸ್ ಆರ್ ಕ್ಲಿಯರ್ಡ್ ಬಿಟ್ವೀನ್ ಯು ಅಂಡ್ ಐ’ ಎಂದು ಬರೆಯುತ್ತಾನೆ. ‘ಅಂಡ್’ ಸೇರಿಸಿ ಕಟ್ಟಿದ ಜೋಡಿಯನ್ನು ಇಂಗ್ಲಿಷಿನವರ ಕಿವಿ ಒಂದೇ ಗಂಟು ಎಂದು ಎತ್ತಿಕೊಳ್ಳುತ್ತದೆ. ವಿಭಕ್ತಿ ಗಂಟಿನ ಒಳಗೆ ಇಳಿಯುವುದೇ ಅನುಮಾನ. ಕನ್ನಡದಲ್ಲಿ ಆ ಗೊಂದಲಕ್ಕೆ ಎಡೆಯಿಲ್ಲ. ‘ನನ್ನ ನಿನ್ನ ನಡುವೆ’, ‘ನನಗೂ ಅವನಿಗೂ’ ಎಂದು ಪ್ರತಿ ಸರ್ವನಾಮವೂ ತನ್ನ ಪ್ರತ್ಯಯ ತಾನೇ ಹೊರುತ್ತದೆ. ಹಾಗಾಗಿ ಬೆಂಗಳೂರಿನವರು ‘ಬಿಟ್ವೀನ್ ಯು ಅಂಡ್ ಐ’ ಎಂದರೆ ಅದು ತಾಯ್ನುಡಿಯ ಪ್ರಭಾವವಲ್ಲ, ಕಲಿತ ತಪ್ಪು. ತಾಯ್ನುಡಿಯ ಗುರುತು ಕಾಣುವುದು ಬೇರೆ ಕಡೆ: ‘ಮೀ ಟೂ’ ಎನ್ನುವಲ್ಲಿ ನಾವು ‘ಐ ಆಲ್ಸೊ’ ಎನ್ನುತ್ತೇವೆ. ಒಂಟಿಯಾಗಿ ನಿಂತಾಗ ಕನ್ನಡಕ್ಕೆ ಸಹಜವಾದ ರೂಪ ‘ನಾನು’, ಇಂಗ್ಲಿಷಿಗೆ ‘ಮೀ’.

ಐ, ಮೀ ಎರಡರ ಭಯದಿಂದಲೂ ತಪ್ಪಿಸಿಕೊಳ್ಳಲು ಆಫೀಸಿನ ಮೇಲ್‌ಗಳು ಹುಡುಕಿಕೊಂಡ ಒಳದಾರಿ ‘ಮೈಸೆಲ್ಫ್’. ‘ಪ್ಲೀಸ್ ಕಾಂಟ್ಯಾಕ್ಟ್ ಸುರೇಶ್ ಆರ್ ಮೈಸೆಲ್ಫ್’ ಎಂಬಲ್ಲಿ ಬೇಕಾದದ್ದು ಬರೀ ‘ಮೀ’. ಅದು ಒರಟಲ್ಲ, ಅಹಂಕಾರವೂ ಅಲ್ಲ.

ಹಾಗಾದರೆ ಬರೆಯುವಾಗ ಏನು ಮಾಡಬೇಕು? ಎಲ್ಲರೂ ಹೇಳುವ ಉಪಾಯ ಜೋಡಿಯ ಇನ್ನೊಬ್ಬರನ್ನು ತೆಗೆದು ನೋಡುವುದು. ‘ಹಿ ಇನ್ವೈಟೆಡ್ ಐ’ ಎನ್ನಲಾಗದು, ಆದ್ದರಿಂದ ‘ಮೈ ವೈಫ್ ಅಂಡ್ ಮೀ’. ‘ಬಿಟ್ವೀನ್’ ಬಂದಾಗ ಒಬ್ಬರನ್ನು ತೆಗೆದರೆ ವಾಕ್ಯವೇ ಕುಂಟುತ್ತದೆ. ಅಲ್ಲಿಗೆ ಇನ್ನೊಂದು ಉಪಾಯ ಉತ್ತಮ: ಇಡೀ ಜೋಡಿಯ ಜಾಗದಲ್ಲಿ ‘ವಿ’ ಅಥವಾ ‘ಅಸ್’ ಇಟ್ಟು ನೋಡಿ. ‘ಬಿಟ್ವೀನ್ ಅಸ್’ ಸರಿ ಎನಿಸಿದರೆ ‘ಯು ಅಂಡ್ ಮೀ’. ‘ವಿ ವೆಂಟ್’ ಸರಿ ಎನಿಸಿದರೆ ‘ಯು ಅಂಡ್ ಐ’. ಮೂರನೆಯವರ ಜೋಡಿಗೆ ದೇ–ದೆಮ್. ಜೋಡಿಯ ಎರಡೂ ಪದ ಒಂದೇ ಬಣದವಾಗಿರಲಿ. ‘ಹಿಮ್ ಅಂಡ್ ಐ’ ಎಂಬ ಬೆರಕೆ ಯಾವ ಲೆಕ್ಕಕ್ಕೂ ಹೊಂದದು.

‘ಹೂ–ಹೂಮ್’ ವಿಷಯದಲ್ಲಿ ಕನ್ನಡವೇ ಒರೆಗಲ್ಲು. ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿಕೊಳ್ಳಿ: ‘ಯಾರು’ ಬಂದರೆ ಹೂ, ‘ಯಾರನ್ನು’ ಅಥವಾ ‘ಯಾರ ಜೊತೆ’ ಬಂದರೆ ಹೂಮ್. ‘ಯಾರಿಗೆ’ ಬಂದಾಗ ಎಚ್ಚರ. ‘ಯಾರಿಗೆ ಕೊಟ್ಟೆ?’ ಹೂಮ್ ನಿಜ. ಆದರೆ ‘ಯಾರಿಗೆ ಗೊತ್ತು?’, ‘ಯಾರಿಗೆ ಬೇಕು?’, ‘ಯಾರಿಗೆ ಜ್ವರ?’ ಇವೆಲ್ಲ ಇಂಗ್ಲಿಷಿನಲ್ಲಿ ಹೂ. ಗೊತ್ತು, ಬೇಕು, ಸಾಕು, ಇಷ್ಟ, ಹಸಿವು, ಜ್ವರ ಇರುವ ಕಡೆ ನಮ್ಮ ಚತುರ್ಥಿ ಇಂಗ್ಲಿಷಿನ ಪ್ರಥಮೆ ಆಗಿಬಿಡುತ್ತದೆ, ಮೇಲೆ ಹೇಳಿದ ರಾಜನ ಹಣ್ಣಿನ ಹಾಗೆ.

ಬಲ್ಲವರೂ ಎಡವುವುದು ‘ಪೊಲೀಸ್ ಸೇ’ ಬಗೆಯ ತುಣುಕು ನಡುವೆ ನುಸುಳಿದಾಗ. ‘ದ ಮ್ಯಾನ್ ಹೂಮ್ ಪೊಲೀಸ್ ಸೇ ರಾಬ್ಡ್ ದ ಬ್ಯಾಂಕ್’ ಎಂದು ಪತ್ರಿಕೆಗಳು ಬರೆಯುವುದುಂಟು. ಆ ತುಣುಕನ್ನು ಎತ್ತಿಟ್ಟರೆ ದರೋಡೆ ಮಾಡಿದವನೇ ಕರ್ತೃ, ಬೇಕಾದದ್ದು ‘ಹೂ’. ಇದಕ್ಕೂ ದೊಡ್ಡವರ ಮೇಲ್ಪಂಕ್ತಿ ಇದೆ: 1611ರ ಬೈಬಲ್ಲಿನಲ್ಲಿ ಯೇಸು ಶಿಷ್ಯರನ್ನು ‘ಹೂಮ್ ಸೇ ಯೀ ದಟ್ ಐ ಆಮ್?’ ಎಂದು ಕೇಳುತ್ತಾನೆ. 1881ರ ಪರಿಷ್ಕರಣೆ ಅದನ್ನು ‘ಹೂ’ ಎಂದು ತಿದ್ದಿತು. ಇನ್ನು ಇನ್ನೂರು ವರ್ಷದಲ್ಲಿ ‘ಹೂಮ್ ಡಿಡ್ ಯು ಸೀ’ ಎಂದು ಅತಿ ಪಂಡಿತ ನ್ಯಾಯವೇತ್ತನೂ ಹೇಳುವುದಿಲ್ಲ ಎಂದು 1921ರಲ್ಲಿ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ಭವಿಷ್ಯ ನುಡಿದಿದ್ದ. ನೂರು ವರ್ಷಕ್ಕೇ ಮಾತಿನಲ್ಲಿ ಅದು ಬಹುಮಟ್ಟಿಗೆ ನಿಜವಾಗಿದೆ. ‘ಟು ಹೂಮ್’ ಎಂದು ಟು, ವಿತ್, ಫಾರ್ ಬೆನ್ನಿಗೆ ನೇರ ಅಂಟಿಕೊಂಡಾಗ ಮಾತ್ರ ಹೂಮ್ ಗಟ್ಟಿಯಾಗಿದೆ. ಅಲ್ಲಷ್ಟೇ ಬಳಸಿದರೆ ಸಾಕು.

‘ದ್ಯಾನ್ ಐ’, ‘ದ್ಯಾನ್ ಮೀ’ ಜಗಳ ಇನ್ನೂ ಹರಿದಿಲ್ಲ. ಮಾತಿನಲ್ಲಿ ‘ಟಾಲರ್ ದ್ಯಾನ್ ಮೀ’ ಸಹಜ. ಅರ್ಥ ಕವಲೊಡೆಯುವ ಕಡೆ, ಉದಾಹರಣೆಗೆ ‘ಶಿ ಲೈಕ್ಸ್ ಹಿಮ್ ಮೋರ್ ದ್ಯಾನ್’ ಎಂದಾದ ಮೇಲೆ, ‘ಐ ಡು’ ಎಂದೋ ‘ಶಿ ಲೈಕ್ಸ್ ಮೀ’ ಎಂದೋ ಪೂರ್ತಿ ಬರೆದುಬಿಡಿ. ನಮ್ಮ ‘ನನಗಿಂತ’ಕ್ಕೂ ಇದೇ ಕಾಯಿಲೆ. ಬ್ಯಾಂಕ್ ಮತ್ತು ಎಸ್‌ಎಸ್‌ಸಿ ಪರೀಕ್ಷೆಗೆ ಕೂತವರು ತಪ್ಪು ಹುಡುಕುವ ಪ್ರಶ್ನೆಯಲ್ಲಿ ಹಳೆಯ ನಿಯಮವನ್ನೇ ಹಿಡಿಯುವುದು ಕ್ಷೇಮ. ಫೋನಿನಲ್ಲಿ ‘ಇಟ್ಸ್ ಮೀ’ ಎಂದರೆ ಅಂಕ ಕಳೆಯುವವರಿಲ್ಲ.

‘ಲೆಟ್’ ಆದಮೇಲೂ ಬೇಕಾದದ್ದು ‘ಯು ಅಂಡ್ ಮೀ’. ಟಿ.ಎಸ್. ಎಲಿಯಟ್‌ನ 1915ರ ಹೆಸರಾಂತ ಕವಿತೆ ಶುರುವಾಗುವುದೇ ‘ಲೆಟ್ ಅಸ್ ಗೋ ದೆನ್, ಯು ಅಂಡ್ ಐ’ ಎಂದು. ‘ಅಸ್’ ಜೊತೆ ‘ಐ’ ಕೂಡುವುದಿಲ್ಲವೆಂದು ಹಟ ಹಿಡಿಯುವವರು ಎರಡನೇ ಸಾಲನ್ನೂ ಓದಬೇಕು. ಅದು ಮುಗಿಯುವುದು ‘ಸ್ಕೈ’ ಎಂಬ ಪದದಿಂದ. ‘ಮೀ’ ಎಂದಿದ್ದರೆ ಅಂತ್ಯಪ್ರಾಸ ಕೈಬಿಡುತ್ತಿತ್ತು.